ರೆಟ್ರೋದಲ್ಲಿ ಎಲ್ಲರೂ ಮ್ಯೂಟ್

ಕಳೆದ ತಿಂಗಳು ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಜನ ಕೇಳಿದ್ದು ರೆಟ್ರೋ ಬಗ್ಗೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ, ಒಬ್ಬರನ್ನು ಬಿಟ್ಟು. ಆ ಒಬ್ಬರ ಹೆಸರನ್ನೂ ಅವರ ಸೊಸೆಯ ಮುಖ ನೋಡಿ ನಾನೇ ಬಿಟ್ಟಿದ್ದೇನೆ.

ನಮ್ಮ ಸೊಸೆ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಮನೆಯಿಂದಲೇ ಕೆಲಸ. ಹದಿನೈದು ದಿನಕ್ಕೊಮ್ಮೆ "ಅತ್ತೆ, ಇವತ್ತು ರೆಟ್ರೋ ಇದೆ, ಕುಕ್ಕರ್ ಇಡಬೇಡಿ" ಎನ್ನುತ್ತಾಳೆ. ಆಮೇಲೆ ಒಂದು ಗಂಟೆ ಮೈಕ್ ಆಫ್ ಮಾಡಿಕೊಂಡು ಬಟ್ಟೆ ಮಡಚುತ್ತಾಳೆ. ಏನಮ್ಮಾ ಇದು?
*ನಿವೃತ್ತ ಶಿಕ್ಷಕಿ, ದಾವಣಗೆರೆ*

ಟೀಚರ್, ನಿಮ್ಮ ಪತ್ರ ಓದಿ ತುಂಬಾ ಹೊತ್ತು ನಕ್ಕೆ. ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಒಂದು ಗಂಟೆ ಬಟ್ಟೆ ಮಡಚಲು ಬಿಡುವ ರೆಟ್ರೋ ಅಂದರೆ ಅದರ ಜೀವ ಹೋಗಿ ಬಹಳ ದಿನ ಆಗಿದೆ ಎಂದೇ ಅರ್ಥ.

ಈಗ ಸಾಫ್ಟ್‌ವೇರ್ ಕೆಲಸವನ್ನು ಒಂದು ವಾರ, ಎರಡು ವಾರದ ತುಂಡುಗಳಾಗಿ ಮಾಡುತ್ತಾರೆ. ಆ ತುಂಡಿಗೆ ಸ್ಪ್ರಿಂಟ್ ಎಂದು ಹೆಸರು. ಪ್ರತಿ ಸ್ಪ್ರಿಂಟ್ ಮುಗಿದಾಗ ಟೀಮಿನವರು ಕೂತು, ತಾವು ಕೆಲಸ ಮಾಡಿದ ರೀತಿಯ ಬಗ್ಗೆ ಮಾತಾಡಬೇಕು. ಎಲ್ಲಿ ಸಿಕ್ಕಿಕೊಂಡೆವು, ಯಾಕೆ ರಾತ್ರಿ ಕೂರಬೇಕಾಯಿತು, ಮುಂದಿನ ಸಲ ಏನು ಬದಲಿಸೋಣ. ಅದೇ ರೆಟ್ರೋಸ್ಪೆಕ್ಟಿವ್, ಬಾಯಲ್ಲಿ ರೆಟ್ರೋ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದಲ್ಲಿ 17 ಜನ ಸೇರಿ ಈ ಥರದ ಕೆಲಸದ ರೀತಿಗೆ "ಅಜೈಲ್" ಪ್ರಣಾಳಿಕೆ ಬರೆದರು. ಅದರ ಜೊತೆಗಿರುವ 12 ಸೂತ್ರಗಳಲ್ಲಿ ಕೊನೆಯದು ಇದೇ. ಟೀಮ್ ಆಗಾಗ ನಿಂತು ತನ್ನನ್ನು ತಾನು ನೋಡಿಕೊಂಡು ನಡೆ ತಿದ್ದಿಕೊಳ್ಳಬೇಕು ಎನ್ನುವುದು.

ನನಗಂತೂ ಇದು ಹೊಸದು ಅನ್ನಿಸಲಿಲ್ಲ. ಸಾಗರದ ಹತ್ತಿರ ನಮ್ಮೂರಲ್ಲಿ ಯಾರ ಮನೆ ಮದುವೆಯಾದರೂ ಉಗ್ರಾಣ ನಮ್ಮ ಚಿಕ್ಕಪ್ಪನದು. ಮದುವೆ ಮುಗಿದ ರಾತ್ರಿ ಉಳಿದ ತೆಂಗಿನಕಾಯಿ ಎಣಿಸಿ, ಬೆಲ್ಲ ತೂಗಿ, ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. "ಎರಡನೇ ಪಂಕ್ತಿಗೆ ಮೊಸರು ಸಾಲಲಿಲ್ಲ. ಬಾಳೆಲೆ 60 ಉಳಿಯಿತು." ಮೊಸರು ತರಲು ಹೇಳಿದ್ದು ಯಾರಿಗೆ, ಮರೆತವರು ಯಾರು, ಅದನ್ನು ಒಂದು ಸಲವೂ ಬರೆದವರಲ್ಲ. ಮುಂದಿನ ಮದುವೆಗೆ ಪಟ್ಟಿ ಹಾಕಲು ಕೂತರೆ ಮೊದಲು ತೆರೆಯುವುದು ಆ ನೋಟ್‌ಬುಕ್. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಉತ್ತರಕ್ಕೆ ಬೇಕು.

ಕುಕ್ಕರ್ ಇಡಿ ಟೀಚರ್. ಹೇಗೂ ಮೈಕ್ ಆಫ್ ಇರುತ್ತದಲ್ಲ.

ಎಂಟು ಜನರ ಟೀಮಿಗೆ ನಾನು ಸ್ಕ್ರಮ್ ಮಾಸ್ಟರ್, ಅಂದರೆ ಇಂಥ ಮೀಟಿಂಗ್ ನಡೆಸಿಕೊಡುವ ಕೆಲಸ ನನ್ನದು. ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆ 5ಕ್ಕೆ ರೆಟ್ರೋ. ಏನು ಚೆನ್ನಾಗಿತ್ತು, ಏನು ಚೆನ್ನಾಗಿರಲಿಲ್ಲ, ಏನು ಬದಲಿಸೋಣ ಎಂದು ಮೂರು ಕಾಲಂ ಹಾಕುತ್ತೇನೆ. ಎಲ್ಲರೂ ಕ್ಯಾಮೆರಾ ಆಫ್ ಮಾಡಿ "ಎಲ್ಲಾ ಚೆನ್ನಾಗಿದೆ" ಎನ್ನುತ್ತಾರೆ. ಹಾಯಿದೋಣಿಯ ಚಿತ್ರ ಹಾಕಿದೆ, ಸಿನಿಮಾ ಹೆಸರಿನ ಆಟ ಆಡಿಸಿದೆ. ಎರಡು ಸಲ ನಕ್ಕರು. ಮೂರನೇ ಸಲ ಮತ್ತೆ ಮೌನ. ಇವರ ಬಾಯಿ ಬಿಡಿಸುವುದು ಹೇಗೆ?
*ಬೆಳ್ಳಂದೂರು, ಬೆಂಗಳೂರು*

ಮೊದಲು ಒಂದು ಕೆಲಸ ಮಾಡಿ. ಕಳೆದ ಆರು ರೆಟ್ರೋಗಳಲ್ಲಿ ಬರೆದುಕೊಂಡ ಕೆಲಸಗಳ ಪಟ್ಟಿ ತೆಗೆದು ನೋಡಿ. ಅದರಲ್ಲಿ ಎಷ್ಟು ಆಗಿದೆ? ಪಟ್ಟಿಯೇ ಸಿಗಲಿಲ್ಲ ಎಂದರೆ ಉತ್ತರ ಅಲ್ಲೇ ಸಿಕ್ಕಂತಾಯಿತು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. 2011ರಲ್ಲಿ ಒಂದು ಬ್ಯಾಂಕಿಂಗ್ ಪ್ರಾಜೆಕ್ಟಿಗೆ ನಾನು ಲೀಡ್. ಆಗ ಗೋಡೆಗೆ ಹಳದಿ ಚೀಟಿ ಅಂಟಿಸುವ ಕಾಲ. ಯಾರು ಯಾವ ಚೀಟಿ ಅಂಟಿಸಿದರೂ ನನ್ನ ಹತ್ತಿರ ಉತ್ತರ ರೆಡಿ ಇರುತ್ತಿತ್ತು. "ಅದು ಇನ್ಫ್ರಾ ಟೀಮಿನ ಕೆಲಸ." "ಅದಕ್ಕೆ ಬಜೆಟ್ ಇಲ್ಲ." "ಆಯ್ತು ನೋಡೋಣ, ಮುಂದಿನದು." ನಲವತ್ತು ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತಿತ್ತು. ಅದು ನನಗೆ ದೊಡ್ಡ ಹೆಮ್ಮೆ.

ಒಂದು ಶನಿವಾರ ರಾತ್ರಿ ರಿಲೀಸ್ ಕೆಟ್ಟಿತು. ನಮ್ಮ ಟೆಸ್ಟ್ ಡೇಟಾ ಓಬೀರಾಯನ ಕಾಲದ್ದು, ಅದರಲ್ಲಿ ಜಂಟಿ ಖಾತೆಗಳೇ ಇರಲಿಲ್ಲ. ಹೊಸ ಕೋಡ್ ಮೊದಲ ಜಂಟಿ ಖಾತೆ ಸಿಕ್ಕ ಕೂಡಲೇ ಮುಗ್ಗರಿಸಿತು. ಹಳೆಯ ವರ್ಷನ್ ವಾಪಸ್ ಹಾಕುವ ಹೊತ್ತಿಗೆ ಬೆಳಗಿನ ಜಾವ ಮೂರೂವರೆ. ಟೀ ಮಷಿನ್ ಹತ್ತಿರ ನಿಂತಿದ್ದೆ. ನಮ್ಮ ಟೀಮಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಟೆಸ್ಟರ್, ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು. "ಮೇಡಂ, ಇದನ್ನ ನಾನು ಎರಡು ರೆಟ್ರೋದಲ್ಲಿ ಬರೆದಿದ್ದೆ. ಮೂರನೇ ಸಲ ಬರೀಲಿಲ್ಲ."

ಹೇಳಿ ಪ್ರಯೋಜನ ಇಲ್ಲ ಎಂದು ಅವಳಿಗೆ ಕಲಿಸಿಕೊಟ್ಟವಳು ನಾನೇ. ನಿಮ್ಮ ಎಂಟು ಜನಕ್ಕೂ ಯಾರೋ ಹಾಗೆ ಕಲಿಸಿರಬಹುದು. ನೀವೇ ಎಂದು ಹೇಳುತ್ತಿಲ್ಲ. ನಿಮಗಿಂತ ಮುಂಚೆ ಇದ್ದವರೂ ಇರಬಹುದು.

ಹಾಗಾಗಿ ಆಟ ಹುಡುಕುವುದನ್ನು ಸ್ವಲ್ಪ ದಿನ ಬಿಡಿ. ಮುಂದಿನ ರೆಟ್ರೋ ಶುರುವಾದಾಗ ಹೊಸ ಚೀಟಿ ಬೇಡ, ಚಿಕ್ಕಪ್ಪನ ನೋಟ್‌ಬುಕ್ ತೆರೆಯಿರಿ. ಹೋದ ಸಲ ಏನು ಮಾಡುತ್ತೇವೆ ಎಂದಿದ್ದೆವು, ಆಯಿತಾ? ಆಗದ್ದನ್ನು ಆಗಿಲ್ಲ ಎಂದು ಒಪ್ಪಿಕೊಂಡು, ಮಾಡುವ ಮನಸ್ಸಿಲ್ಲದಿದ್ದರೆ ಎಲ್ಲರೆದುರು ಅಳಿಸಿ. ಆಮೇಲೆ ಒಂದೇ ಒಂದು ತೊಂದರೆ ಹಿಡಿಯಿರಿ. ಅದು ಚಿಕ್ಕದಾಗಿರಲಿ, ಟೀಮಿನ ಕೈಯಲ್ಲೇ ಇರಲಿ, ಎರಡು ವಾರದಲ್ಲಿ ಮುಗಿಯುವಂತಿರಲಿ. ಒಬ್ಬರ ಹೆಸರು, ಒಂದು ತಾರೀಖು ಹಾಕಿ, ಬೇರೆ ಕೆಲಸಗಳ ಜೊತೆಗೇ ಬೋರ್ಡಿನಲ್ಲಿ ಟಿಕೆಟ್ (ಒಂದು ಕೆಲಸಕ್ಕೆ ಒಂದು ಚೀಟಿ) ಮಾಡಿ. "ಕಮ್ಯುನಿಕೇಶನ್ ಇಂಪ್ರೂವ್ ಮಾಡೋಣ" ಅನ್ನುವುದು ಕೆಲಸವಲ್ಲ, ಹೊಸ ವರ್ಷದ ಸಂಕಲ್ಪ. "ಬುಧವಾರದೊಳಗೆ ಟೆಸ್ಟ್ ಡೇಟಾಕ್ಕೆ 20 ಜಂಟಿ ಖಾತೆ ಸೇರಿಸುವುದು" ಅಂದರೆ ಕೆಲಸ.

ಸ್ಪ್ರಿಂಟ್ ಹಾಕಿ ಕೆಲಸ ಮಾಡುವ ಪದ್ಧತಿಗೆ ಸ್ಕ್ರಮ್ ಎಂದು ಹೆಸರು, ಅದರ ಕೈಪಿಡಿ ಸ್ಕ್ರಮ್ ಗೈಡ್. ಅದರ 2017ರ ಆವೃತ್ತಿಯಲ್ಲಿ ಇದು ನಿಯಮವೇ ಆಗಿತ್ತು. ಹಿಂದಿನ ರೆಟ್ರೋದಿಂದ ಬಂದ ಒಂದಾದರೂ ಮುಖ್ಯ ಸುಧಾರಣೆ ಮುಂದಿನ ಸ್ಪ್ರಿಂಟಿನ ಪಟ್ಟಿಯಲ್ಲಿ ಇರಲೇಬೇಕಿತ್ತು. 2020ರ ಆವೃತ್ತಿಯಲ್ಲಿ ಆ ಒತ್ತಾಯ ತೆಗೆದು, ಬೇಕಾದರೆ ಸೇರಿಸಬಹುದು ಎಂದು ಸಡಿಲ ಮಾಡಿದರು. ನಾನು ಮಾತ್ರ ಇನ್ನೂ 2017ರಲ್ಲೇ ಇದ್ದೇನೆ.

ಇನ್ನು ಆ ಮೂರು ಕಾಲಂ. "ಏನು ಚೆನ್ನಾಗಿರಲಿಲ್ಲ" ಎಂದು ಬರೀ ಗಾಳಿಯಲ್ಲಿ ಕೇಳಿದರೆ ಯಾರಿಗೆ ಏನು ನೆನಪಾಗುತ್ತದೆ? ನಿನ್ನೆ ಆದದ್ದು ಮಾತ್ರ. ಎದುರಿಗೆ ಏನಾದರೂ ಇಡಿ. ನಾನು ಎರಡು ವಾರದ ಕ್ಯಾಲೆಂಡರ್ ಬರೆದು, ಯಾವ ಟಿಕೆಟ್ ಯಾವ ದಿನ ಎಲ್ಲಿತ್ತು ಎಂದು ತೋರಿಸುತ್ತೇನೆ. ಒಂದು ಟೀಮಿನಲ್ಲಿ "ಕೋಡಿಂಗ್ ನಿಧಾನ" ಎಂದು ಎಲ್ಲರೂ ನಂಬಿದ್ದರು. ಕ್ಯಾಲೆಂಡರ್ ಹಾಕಿ ನೋಡಿದರೆ ಒಂದು ಟಿಕೆಟ್ ಒಂಬತ್ತು ದಿನ ತೆಗೆದುಕೊಂಡಿತ್ತು, ಅದರಲ್ಲಿ ನಾಲ್ಕು ದಿನ ಬರೀ ರಿವ್ಯೂಗೆ ಕಾಯುತ್ತಾ ಕೂತಿತ್ತು. ಹಾಗೆ ಕಾದವು ಇನ್ನೂ ಐದಾರು ಇದ್ದವು. ಅವತ್ತು ಯಾರನ್ನೂ ಮಾತಾಡಿಸಬೇಕಾಗಲಿಲ್ಲ, ಸುಮ್ಮನಿರಿಸುವುದೇ ಕಷ್ಟವಾಯಿತು. ಕೊನೆಗೆ ಅವರು ಒಪ್ಪಿಕೊಂಡದ್ದು ಇಷ್ಟೇ. ದಿನಾ 11.30ರಿಂದ 12, ಎಲ್ಲರೂ ಬೇರೆಯವರ ಕೋಡ್ ನೋಡುವ ಹೊತ್ತು.

ಮರೆತಿದ್ದೆ. ಶುಕ್ರವಾರ ಸಂಜೆ ಐದು ಗಂಟೆಗೆ ನಿಮ್ಮ ಟೀಮಿನಲ್ಲಿ ಅರ್ಧ ಜನ ಮನಸ್ಸಿನಲ್ಲೇ ಮೆಜೆಸ್ಟಿಕ್‌ನಲ್ಲಿ ಊರಿನ ಬಸ್ ಹುಡುಕುತ್ತಿರುತ್ತಾರೆ. ಬುಧವಾರ ಬೆಳಿಗ್ಗೆ ಮಾಡಿ. ಸ್ಪ್ರಿಂಟ್ ಶುಕ್ರವಾರವೇ ಮುಗಿಯಬೇಕು ಎಂದು ಯಾವ ಶಾಸ್ತ್ರದಲ್ಲೂ ಇಲ್ಲ.

ನಾನು ಕಲಬುರಗಿ ಕಡೆಯವನು. ಸೇರಿ ಏಳು ತಿಂಗಳಾಯಿತು. ರೆಟ್ರೋದಲ್ಲಿ ತಲೆಯೊಳಗೆ ಇಂಗ್ಲಿಷ್ ವಾಕ್ಯ ಜೋಡಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. "ಯೂ ಆರ್ ವೆರಿ ಕ್ವಯಟ್" ಎಂದು ಲೀಡ್ ನಗುತ್ತಾರೆ. ಮಾತಾಡುವುದು ಕಲಿಯುವುದು ಹೇಗೆ?
*ಇಲೆಕ್ಟ್ರಾನಿಕ್ಸ್ ಸಿಟಿ*

ತಮ್ಮಾ, ನನ್ನ ಮಗನಿಗಿಂತ ಎರಡೋ ಮೂರೋ ವರ್ಷ ದೊಡ್ಡವನಿರಬೇಕು ನೀನು. ಅದಕ್ಕೇ ನೀನು ಎನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಇದರಲ್ಲಿ ತಪ್ಪು ನಿನ್ನದಕ್ಕಿಂತ ಮೀಟಿಂಗಿನದು ಜಾಸ್ತಿ. ಮೊದಲು ಯಾರು ಬಾಯಿ ತೆರೆಯುತ್ತಾರೋ ಮಾತು ಅವರ ಹಿಂದೆ ಹೋಗುತ್ತದೆ. ಸಾಮಾನ್ಯವಾಗಿ ಅವರು ಸೀನಿಯರ್ ಆಗಿರುತ್ತಾರೆ, ಇಂಗ್ಲಿಷ್ ಸರಾಗ ಇರುತ್ತದೆ. ಅದಕ್ಕೆ ಒಳ್ಳೆಯ ರೆಟ್ರೋ ನಡೆಸುವವರು ಮೊದಲ ಏಳೆಂಟು ನಿಮಿಷ ಯಾರಿಗೂ ಮಾತಾಡಲು ಬಿಡುವುದಿಲ್ಲ. ಎಲ್ಲರೂ ಸುಮ್ಮನೆ ಕೂತು ಬರೆಯಬೇಕು. ಆಮೇಲೆ ಇಬ್ಬಿಬ್ಬರು ಐದು ನಿಮಿಷ ತಮ್ಮ ತಮ್ಮಲ್ಲೇ ಮಾತಾಡಬೇಕು. ಇಬ್ಬರೇ ಇದ್ದಾಗ ಕನ್ನಡವೋ ಹಿಂದಿಯೋ ತೆಲುಗೋ, ಯಾವುದು ಕೂಡಿ ಬಂದರೆ ಅದು. ಅದಾದ ಮೇಲೆ ಎಲ್ಲರ ಮುಂದೆ. ಲೀಡ್ ಮಾತಾಡುವುದು ಕೊನೆಗೆ. ನಿನ್ನ ಸ್ಕ್ರಮ್ ಮಾಸ್ಟರ್ ಹತ್ತಿರ ಟೀ ಕುಡಿಯುವಾಗ ಹೀಗೊಂದು ಸಲ ಮಾಡಿ ನೋಡೋಣವಾ ಎಂದು ಕೇಳು. ಇದನ್ನು ಕೇಳಲು ಮೀಟಿಂಗ್ ಬೇಡ.

ಬರೆಯುವಾಗ ದೊಡ್ಡ ವಾಕ್ಯ ಬೇಡ. ಏನಾಯಿತು, ಎಷ್ಟು ಹೊತ್ತು ಹೋಯಿತು, ಏನು ಬೇಕು. "ಮಂಗಳವಾರ ಬಿಲ್ಡ್ ಮೂರು ಸಲ ಫೇಲ್ ಆಯಿತು. ನನಗೆ ಅರ್ಧ ದಿನ ಹೋಯಿತು. ಲಾಗ್ ನೋಡುವುದು ಹೇಗೆ ಎಂದು ಯಾರಾದರೂ ತೋರಿಸಬಹುದಾ?" ಇಷ್ಟನ್ನು ಒಡೆದ ಇಂಗ್ಲಿಷಿನಲ್ಲಿ ಬರೆದರೂ ಎಲ್ಲರಿಗೂ ಅರ್ಥವಾಗುತ್ತದೆ. ಬೇಕಾದರೆ ಹಿಂದಿನ ದಿನವೇ ಬರೆದಿಟ್ಟುಕೋ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡುತ್ತಿದ್ದೆ, ಪಾಸ್‌ಬುಕ್ ಅಳತೆಯ ಒಂದು ಡೈರಿಯಲ್ಲಿ.

ನಿನ್ನ ಲೀಡ್ ಈ ಅಂಕಣ ಓದುತ್ತಿದ್ದರೆ: ಸರ್, ಮತ್ತೆ ಹಾಗೆ ನಗಬೇಡಿ.

ನಾನು ಮ್ಯಾನೇಜರ್. ರೆಟ್ರೋಗೆ ನಾನು ಬರಬಾರದು ಎನ್ನುತ್ತಾರೆ. ನನ್ನದೇ ಟೀಮ್, ನನಗೇ ಬಾಗಿಲು ಮುಚ್ಚುವುದಾ?
*ಹುಬ್ಬಳ್ಳಿ*

ಅವರ ಅಪ್ರೈಸಲ್ ಬರೆಯುವವರು ನೀವೇ ಅಲ್ವಾ? ಹಾಗಾದರೆ ಸದ್ಯಕ್ಕೆ ಹೊರಗಿರಿ.

1990ರ ದಶಕದಲ್ಲಿ ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಮ್ಮಿ ಇರುತ್ತದೆ ಎಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಚೆನ್ನಾಗಿ ನಡೆಯುವ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಜಾಸ್ತಿ! ಬಿಡಿಸಿ ನೋಡಿದರೆ, ಅಲ್ಲಿನವರು ತಪ್ಪನ್ನು ಬಚ್ಚಿಡದೆ ಹೇಳುತ್ತಿದ್ದರು. ಉಳಿದ ಕಡೆ ತಪ್ಪು ಆಗುತ್ತಿತ್ತು, ಲೆಕ್ಕಕ್ಕೆ ಬರುತ್ತಿರಲಿಲ್ಲ. ನಿಮ್ಮ ಟೀಮಿನ ರೆಟ್ರೋದಲ್ಲಿ ಒಂದೂ ದೂರು ಬರುತ್ತಿಲ್ಲ ಎಂದರೆ ಖುಷಿಪಡುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಒಳಗೆ ಬರಬಹುದೋ ಇಲ್ಲವೋ ಎಂದು ಅವರನ್ನೇ ಕೇಳಬಹುದು, ಕೈ ಎತ್ತಿಸಿ ಅಲ್ಲ. ಹೆಸರಿಲ್ಲದ ಚೀಟಿಯಲ್ಲಿ 1ರಿಂದ 5ರವರೆಗೆ ಒಂದು ಅಂಕಿ. 5 ಅಂದರೆ ಇವರ ಎದುರು ಏನು ಬೇಕಾದರೂ ಹೇಳುತ್ತೇನೆ, 1 ಅಂದರೆ ಸುಮ್ನೆ ತಲೆಯಾಡಿಸುತ್ತೇನೆ. ಎಲ್ಲರೂ 4, 5 ಹಾಕಿದರೆ ಆರಾಮವಾಗಿ ಕೂರಿ. ಒಂದು 2 ಬಂದರೂ ಎದ್ದು ಬನ್ನಿ, ಯಾರು ಹಾಕಿದ್ದು ಎಂದು ಹುಡುಕುತ್ತಾ ಕೂರಬೇಡಿ. ಹೊರಗಿದ್ದೇ ನೀವು ಮಾಡಬಹುದಾದ ದೊಡ್ಡ ಉಪಕಾರ ಒಂದಿದೆ. ಟೀಮಿನ ಕೈ ಮೀರಿದ ತೊಂದರೆ ಒಂದನ್ನು ಅವರಿಂದ ಕೇಳಿ ಪಡೆಯಿರಿ, ಲೈಸೆನ್ಸೋ, ಲ್ಯಾಪ್‌ಟಾಪೋ, ಬೇರೆ ಟೀಮಿನ ಅಪ್ರೂವಲ್ಲೋ. ಮುಂದಿನ ರೆಟ್ರೋದೊಳಗೆ ಬಗೆಹರಿಸಿ ಕೊಡಿ. ನಾಲ್ಕು ಸಲ ಹೀಗೆ ಮಾಡಿದರೆ ಅವರೇ ಒಳಗೆ ಕರೆದಾರು.

"ಐದು ಸಲ ಯಾಕೆ" ಕೇಳುವ ಪದ್ಧತಿ ಶುರು ಮಾಡಿದೆವು. ನಾಲ್ಕನೇ "ಯಾಕೆ"ಗೆ ನಮ್ಮ ಟೀಮಿನ ಹುಡುಗಿ ಅತ್ತೇಬಿಟ್ಟಳು. ಎಲ್ಲಿ ತಪ್ಪಿದೆವು?
*ಮಂಗಳೂರು*

ಅಯ್ಯೋ ಪಾಪ. ಈ ಪದ್ಧತಿ ಟೊಯೋಟಾದ್ದು, ನಮ್ಮ ಬಿಡದಿಯಲ್ಲಿ ಕಾರು ಮಾಡುವ ಅದೇ ಟೊಯೋಟಾ. ಅಲ್ಲಿನ ತೈಚಿ ಓನೊ ಕೊಡುತ್ತಿದ್ದ ಉದಾಹರಣೆ ಕೇಳಿ. ಮಷಿನ್ ಯಾಕೆ ನಿಂತಿತು? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಯಿತು. ಲೋಡ್ ಯಾಕೆ ಜಾಸ್ತಿಯಾಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ ಸಾಲಲಿಲ್ಲ? ಪಂಪ್ ಸರಿಯಾಗಿ ಎತ್ತುತ್ತಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿದೆ. ಯಾಕೆ ಸವೆಯಿತು? ಜರಡಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಫ್ಯೂಸ್ ಬದಲಿಸಿ ಸುಮ್ಮನಾಗಿದ್ದರೆ ಮಷಿನ್ ಮತ್ತೆ ನಿಲ್ಲುತ್ತಿತ್ತು.

ಐದೂ ಪ್ರಶ್ನೆ ಮಷಿನ್ನಿಗೆ. ಒಂದೂ ಮನುಷ್ಯನಿಗಿಲ್ಲ. ನೀವು ಕೇಳಿದ್ದು ಬಹುಶಃ "ನೀನು ಯಾಕೆ ಟೆಸ್ಟ್ ಮಾಡಲಿಲ್ಲ" ಎಂದು. ಕನ್ನಡದಲ್ಲಿ "ಯಾಕೆ" ಅನ್ನುವ ಪದಕ್ಕೇ ಒಂದು ಗದರಿಕೆಯ ದನಿ ಇದೆ. "ಯಾಕೋ?" ಎಂದು ಅಪ್ಪ ಕೇಳಿದ ನೆನಪು ಎಲ್ಲರಿಗೂ ಇರುತ್ತದೆ. ಮನುಷ್ಯರ ಹತ್ತಿರ ಕೇಳುವಾಗ ಪ್ರಶ್ನೆ ತಿರುಗಿಸಿ. "ಆ ಹೊತ್ತಿಗೆ ನಿನ್ನ ಸ್ಕ್ರೀನಿನಲ್ಲಿ ಏನು ಕಾಣುತ್ತಿತ್ತು?" "ಆಗ ಬೇರೆ ಏನೇನು ಕೆಲಸ ಇತ್ತು?" ಅವಳು ಹೇಳುವ ಕತೆಯಲ್ಲೇ ಜರಡಿ ಎಲ್ಲಿ ಇಲ್ಲ ಎನ್ನುವುದು ಸಿಗುತ್ತದೆ. ಮೊದಲು ಅವಳ ಹತ್ತಿರ ಹೋಗಿ ಸಾರಿ ಕೇಳಿ. ನಾಳೆಯಲ್ಲ, ಇವತ್ತೇ.

ಕ್ಲೈಂಟ್ ಡಲ್ಲಾಸ್‌ನಲ್ಲಿ. ಅವರಿಗೆ ಬೆಳಿಗ್ಗೆ 9, ನಮಗೆ ಸಂಜೆ 7.30. ನವೆಂಬರ್ ಬಂದರೆ 8.30. ಮಗಳಿಗೆ ಊಟ ಮಾಡಿಸುತ್ತಾ ರೆಟ್ರೋಗೆ ಕೂರುತ್ತೇನೆ. ಅವರು ಮಾತಾಡುತ್ತಾರೆ, ನಾವು "ಯೆಸ್, ಶೂರ್" ಎನ್ನುತ್ತೇವೆ.
*ಮೈಸೂರು*

ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ, ಮಾರ್ಚ್ ಎರಡನೇ ಭಾನುವಾರ ಮತ್ತೆ ಮುಂದಿಡುತ್ತಾರೆ. ನಮ್ಮ ಗಡಿಯಾರ ಕದಲುವುದಿಲ್ಲ, ಊಟದ ಹೊತ್ತು ಕದಲುತ್ತದೆ. ಇದನ್ನೇ ಒಂದು ಚೀಟಿಯಲ್ಲಿ ಬರೆದು ರೆಟ್ರೋದಲ್ಲಿ ಹಾಕಿ. ದೂರಿನಂತೆ ಬೇಡ, ಲೆಕ್ಕದಂತೆ ಬರೆಯಿರಿ. ಒಂದು ಸಲ ನಮಗೆ ಬೆಳಿಗ್ಗೆ 7, ನಿಮಗೆ ಹಿಂದಿನ ರಾತ್ರಿ 8.30, ಮಾಡಿ ನೋಡೋಣವಾ ಎಂದು ಕೇಳಿ. ನಾನಿದ್ದ ಒಂದು ಟೀಮಿನಲ್ಲಿ ಹೀಗೆ ಒಂದೇ ಸಲ ಮಾಡಿದ್ದು. ಎರಡನೇ ಸಲಕ್ಕೆ ಬೇರೆ ದಾರಿ ಹುಡುಕೋಣ ಎಂದು ಅವರೇ ಮೇಲ್ ಹಾಕಿದರು.

ಆ ಬೇರೆ ದಾರಿ ಹೀಗಿತ್ತು. ಬೋರ್ಡನ್ನು ಎರಡು ದಿನ ಮುಂಚೆಯೇ ತೆರೆದಿಡುವುದು. ಯಾರಿಗೆ ಯಾವಾಗ ಬಿಡುವೋ ಆಗ ಬರೆಯುವುದು, ತಲೆಗೆ ಮೂರು ವೋಟು ಹಾಕುವುದು. ಕಾಲ್ ಅರ್ಧ ಗಂಟೆ ಮಾತ್ರ, ಜಾಸ್ತಿ ವೋಟು ಬಿದ್ದ ಒಂದೇ ವಿಷಯಕ್ಕೆ. ಅದಕ್ಕೂ ಮುಂಚೆ ಇಲ್ಲಿನವರು ಮಧ್ಯಾಹ್ನ ಇಪ್ಪತ್ತು ನಿಮಿಷ ತಾವೇ ಕೂತು ಮಾತಾಡಿ, ಯಾರು ಏನು ಹೇಳುವುದು ಎಂದು ಹಂಚಿಕೊಳ್ಳುತ್ತಿದ್ದರು. ಇನ್ನೊಂದು ಸಣ್ಣ ವಿಷಯ. ನೀವು ನಾಲ್ಕು ಜನ ಆಫೀಸಿನ ಒಂದೇ ಕೋಣೆಯಲ್ಲಿದ್ದರೂ ನಾಲ್ಕು ಲ್ಯಾಪ್‌ಟಾಪಿನಿಂದ ಬೇರೆ ಬೇರೆಯಾಗಿ ಸೇರಿ. ಒಂದೇ ಕ್ಯಾಮೆರಾದಲ್ಲಿ ಕೂತರೆ ಅವರಿಗೆ ನೀವು ಒಂದು ಟೇಬಲ್ಲಾಗಿ ಕಾಣುತ್ತೀರಿ.

ಪ್ರತಿ ಸ್ಪ್ರಿಂಟಿಗೂ ರೆಟ್ರೋ ಬೇಕೇ ಬೇಕಾ? ಎಷ್ಟು ಹೊತ್ತು?
*ರಾಜಾಜಿನಗರ*

ಬೇಕು. ಒಂದು ತಿಂಗಳ ಸ್ಪ್ರಿಂಟಿಗೆ ಹೆಚ್ಚೆಂದರೆ ಮೂರು ಗಂಟೆ ಎನ್ನುತ್ತದೆ ಸ್ಕ್ರಮ್ ಗೈಡ್, ಚಿಕ್ಕ ಸ್ಪ್ರಿಂಟಿಗೆ ಅದಕ್ಕಿಂತ ಕಮ್ಮಿ. ಎರಡು ವಾರದ್ದಕ್ಕೆ ನಾನು ಒಂದು ಗಂಟೆ ಇಡುತ್ತೇನೆ. ಕೆಲಸದ ಒತ್ತಡ ಎಂದು ರದ್ದು ಮಾಡುವ ಸ್ಪ್ರಿಂಟಿನಲ್ಲೇ ಮಾತಾಡಲು ಜಾಸ್ತಿ ಇರುತ್ತದೆ.

ರೆಟ್ರೋಗೆ ತಿಂಡಿ ತರಿಸಿದರೆ ಜನ ಮಾತಾಡುತ್ತಾರಾ?
*ಬನಶಂಕರಿ*

ಮಾತಾಡುತ್ತಾರೋ ಇಲ್ಲವೋ, ಬರುವುದಂತೂ ಬರುತ್ತಾರೆ. ಕೊನೆಗೆ ಕೊಡಬೇಡಿ, ಮೊದಲೇ ಕೊಡಿ. ಇಲ್ಲದಿದ್ದರೆ ಎಲ್ಲರ ಕಣ್ಣು ಡಬ್ಬಿಯ ಮೇಲೆ. ಮದ್ದೂರು ವಡೆ ಆಗಬಹುದು, ಬಾಳೆಹಣ್ಣೂ ಆಗಬಹುದು. ಆನ್‌ಲೈನಿನಲ್ಲಿ ಯಾರಾದರೂ ಇದ್ದರೆ ಕೋಡುಬಳೆ ಮಾತ್ರ ಬೇಡ. ನಾವು ಒಂದು ಸಲ ತರಿಸಿದ್ದೆವು. ಕರಕರ ಸದ್ದಿನಲ್ಲಿ ಪುಣೆಯವರಿಗೆ ಒಂದಕ್ಷರವೂ ಕೇಳಿಸಲಿಲ್ಲ, ಅವತ್ತಿನ ಬೋರ್ಡಿನಲ್ಲಿ ಅವರು ಹಾಕಿದ್ದ ಒಂದೇ ಚೀಟಿ ಅದರ ಬಗ್ಗೆ.